ಡ್ಯಾಮ್ ಪ್ಯಾಡಕ್ಕಿನ ಹದಿನೈದು

ಹ್ಯಾಮಿಲ್ಟನ್ನಿನಲ್ಲಿ ಜೂನ್ ಅಂದರೆ ಕೊರೆವ ಚಳಿ.
ಲ್ಯಾಬಿನ ಹೀಟರ್ ಮೊದಲು ಸುಟ್ಟ ಧೂಳಿನ ವಾಸನೆ ಬಿಟ್ಟು
ಆಮೇಲೆ ಬಿಸಿಯಾಗುತ್ತದೆ.
ಮೇಜಿನ ಮೇಲೆ ಇನ್ನೂರ ಹನ್ನೊಂದು ಪ್ಲಾಸ್ಟಿಕ್ ಚೀಲ,
ಒಂದೊಂದರಲ್ಲೂ ಒಂದೊಂದು ಕುರಿಯ ಪಕ್ಕೆಯಿಂದ
ಕತ್ತರಿಸಿ ಕಳಿಸಿದ ಅಂಗೈಯಗಲ ಉಣ್ಣೆ.
ಮುಟ್ಟಿದರೆ ಬೆರಳಿಗೆ ಜಿಡ್ಡು,
ಮಧ್ಯಾಹ್ನದ ಚಿತ್ರಾನ್ನಕ್ಕೂ ಕುರಿಯದೇ ಘಮ.

ಎಳೆಯ ದಪ್ಪ ಅಳೆಯುವುದು ಯಂತ್ರ, ಮೈಕ್ರಾನಿನಲ್ಲಿ.
ಅಂಕಿಗಳ ಮಂದೆ ಕಾಯುವವಳು ನಾನು.
ಪ್ಯಾಡಕ್ಕಿನ ಪ್ರಕಾರ ಗುಂಪು ಮಾಡು,
ಗುಂಪಿನ ಮಾನಕ ವಿಚಲನೆಯನ್ನು ಅದರದೇ ಸರಾಸರಿಯಿಂದ ಭಾಗಿಸು,
ನೂರರಿಂದ ಗುಣಿಸು.
ಎರಡು ಸಾಲಿನ ಅಪ್ಪಣೆ. ಎಂಟರ್.

ಚರ್ಚ್ ಪ್ಯಾಡಕ್ಕಿಗೆ ಉತ್ತರವೇ ಇಲ್ಲ, ಬರೀ ಎನ್‌ಎ.
ಹುಡುಕಿದರೆ, ನೂರ ಹದಿನೇಳನೇ ಚೀಲ
ದಾರಿಯಲ್ಲಿ ಹರಿದು ಖಾಲಿ ಬಂದಿದೆ.
ಒಂದು ಮನೆಗೆ ಬೀಗ ಬಿದ್ದರೆ
ಇಡೀ ಓಣಿಯೇ ಊರಲ್ಲಿಲ್ಲ ಅನ್ನುವ ತಂತ್ರಾಂಶ ಇದು.
ಖಾಲಿ ಬಿಟ್ಟು ಎಣಿಸಪ್ಪಾ ಅಂದೆ. ಎಣಿಸಿತು.

ಚರ್ಚ್: ಸರಾಸರಿ ಹದಿನೆಂಟು ಬಿಂದು ಆರು, ಗುಣಾಂಕ ಏಳು.
ಬ್ಯಾಕ್ ಹಿಲ್: ಇಪ್ಪತ್ತೊಂದು ಬಿಂದು ಎರಡು, ಉಣ್ಣೆ ಒರಟು,
ಆದರೂ ಗುಣಾಂಕ ಏಳೇ.
ಡ್ಯಾಮ್: ಮತ್ತೆ ಹದಿನೆಂಟು ಬಿಂದು ಆರು.
ಗುಣಾಂಕ ಹದಿನೈದು.

ದಾವಣಗೆರೆಯ ಪಿಯುಸಿಯಲ್ಲಿ ತಿಪ್ಪೇಸ್ವಾಮಿ ಮೇಷ್ಟ್ರು
ಎ ಮತ್ತು ಬಿ ಎಂಬಿಬ್ಬರು ಬ್ಯಾಟ್ಸ್‌ಮನ್‌ಗಳನ್ನು
ವರ್ಷವಿಡೀ ಬೋರ್ಡಿನ ಮೇಲೆ ಆಡಿಸುತ್ತಿದ್ದರು.
ಇಬ್ಬರದೂ ಸರಾಸರಿ ನಲವತ್ತು. “ನಂಬೋದು ಯಾರನ್ನ?”
ಗುಣಾಂಕ ಕಡಿಮೆ ಇರೋನನ್ನ ಸಾರ್, ಅಂತ ನಾವೆಲ್ಲ.
ಹಿಂದಿನ ಬೆಂಚಿನಿಂದ ಶಂಕ್ರಮ್ಮ ಒಬ್ಬಳೇ:
“ಇವತ್ತು ಸೊನ್ನೆಗೆ ಔಟಾಗಿ ನಾಳೆ ನೂರು ಹೊಡೆಯೋನೇ
ನೋಡಕ್ಕೆ ಚೆಂದ ಸಾರ್.”
ಮೇಷ್ಟ್ರು ಎಸೆದ ಚಾಕ್‌ಪೀಸು ನನಗೆ ಬಡಿಯಿತು.

ಡ್ಯಾಮಿನ ಕುರಿಗಳ ನಕ್ಷೆ ಬರೆಸಿದೆ.
ಒಂದಲ್ಲ, ಎರಡು ಡುಬ್ಬ:
ಒಂದು ಹದಿನಾರರ ಬಳಿ, ಒಂದು ಇಪ್ಪತ್ತೊಂದರ ಬಳಿ,
ನಡುವೆ ತಗ್ಗು.
ಸರಾಸರಿಯ ಕುರಿ ಆ ಹುಲ್ಲಿನಲ್ಲಿ ಒಂದೂ ಮೇಯುತ್ತಿಲ್ಲ.

ಗ್ಲೆನಿಸ್ ಪಾಸ್ಕೋಗೆ ಫೋನು ಹಚ್ಚಿದೆ.
ಚೀಟಿ ಅದಲುಬದಲಾಗಿದೆಯಾ, ಬೇರೆಯವರ ಕುರಿ ನುಗ್ಗಿದೆಯಾ?
ಆ ಕಡೆ ಕೆಟಲ್ ಸೀಟಿ, ನಾಯಿ ಬೊಗಳು, ಆಮೇಲೆ ಅವಳು:
ನುಗ್ಗಿಲ್ಲ ಕಣಮ್ಮ. ಸಣ್ಣ ಎಳೆಯವು ನನ್ನ ತಮ್ಮನವು.
ಹನ್ನೊಂದು ವರ್ಷ ಆ ಡ್ಯಾಮಿನ ಮಧ್ಯೆ ಬೇಲಿ ಇತ್ತು,
ನೀರಿನೊಳಗೂ ತಂತಿ ಇಳಿಸಿದ್ದ ಪುಣ್ಯಾತ್ಮ.
ಈ ಜನವರಿಯಲ್ಲಿ ಅವನೇ ಬಂದ, ಕೈಯಲ್ಲಿ ಇಕ್ಕಳ.
ಮಾತು? ಮಾತೇನೂ ಆಡಲಿಲ್ಲ.
ಅವನು ಕತ್ತರಿಸಿದ, ನಾನು ಸುತ್ತಿದೆ.

ಗುಂಪಿನ ಹೆಸರು ಬದಲಿಸಿದರೆ ಸಾಕು ಅಂತ ತಿಳಿಸಿದೆ:
ಡ್ಯಾಮ್ ಒಂದು, ಡ್ಯಾಮ್ ಎರಡು.
ಹದಿನೈದು ಒಡೆದು ಏಳು, ಐದು ಆಗುತ್ತದೆ,
ಕೊಳ್ಳುವವರು ಹದಿನೈದು ಕಂಡರೆ ಮೂಗು ಮುರಿಯುತ್ತಾರೆ.
ಬಹಳ ಹೊತ್ತು ನಾಯಿಯದೊಂದೇ ಸದ್ದು.
“ಬೇಡ,” ಅಂದಳು, “ಒಂದೇ ಹೆಸರಲ್ಲಿರಲಿ.
ಮುರಿದರೆ ಮುರೀಲಿ.”

ಇನ್ನೊಂದು ಸಾಲು ಉಳಿದಿತ್ತು, ಕೊನೆಯದು:
ಮನೆಯಂಗಳ. ಕುರಿ ಒಂದು.
ಬಾಟಲಿ ಹಾಲು ಕುಡಿಸಿ ಸಾಕಿದ್ದಂತೆ, ಹೆಸರು ಪಿಕ್ಲ್ಸ್.
ಸರಾಸರಿ ಹತ್ತೊಂಬತ್ತು ಬಿಂದು ನಾಲ್ಕು,
ಗುಣಾಂಕದ ಮನೆಯಲ್ಲಿ ಎನ್‌ಎ.
ಇಲ್ಲಿ ಚೀಲ ಹರಿದಿಲ್ಲ, ಅಪ್ಪಣೆಯೂ ತಪ್ಪಿಲ್ಲ.
ದಾರಿ ಬಿಟ್ಟು ನಡೆಯಲಿಕ್ಕೂ ಜೊತೆಗೊಬ್ಬರು ಬೇಕು.

ಅದನ್ನು ಅಳಿಸದೆ, ಸೊನ್ನೆಯನ್ನೂ ತುಂಬದೆ
ವರದಿ ಕಳಿಸಿದೆ.
ಹೀಟರ್ ಈಗ ಬಿಸಿಯಾಗಿದೆ, ಮನೆಗೆ ಹೊರಡುವ ಹೊತ್ತಿಗೆ.